ಜನವರಿಯಲ್ಲಿ ಬಂದು ಅಳೆಯಿರಿ

ಮನೆ ಕಟ್ಟುವಾಗ ನಮ್ಮಿಂದ ಒಂದು ಪತ್ರ ಕೇಳಿದ್ದರು. ನಮ್ಮ ಮನೆಯಿಂದ ವಿಮಾನಗಳಿಗೆ ತೊಂದರೆ ಇಲ್ಲ ಎಂಬ ಪತ್ರ. ಸೈಟಿನ ಅಕ್ಷಾಂಶ, ರೇಖಾಂಶ, ನೆಲ ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಮೇಲಿನ ನೀರಿನ ಟ್ಯಾಂಕಿನ ನೆತ್ತಿ ಎಷ್ಟು ಎತ್ತರ, ಎಲ್ಲ ಬರೆದು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವಿಮಾನ ನಿಲ್ದಾಣದ ಸುತ್ತಮುತ್ತ ಮನೆ ಕಟ್ಟುವವರಿಗೆ ಇದು ಮಾಮೂಲು. ನಮ್ಮದು ಒಂದೇ ಮಹಡಿ. ಆದರೆ ಕಾಗದದಲ್ಲಿ ಒಂಬೈನೂರ ಚಿಲ್ಲರೆ ಮೀಟರ್ ಎತ್ತರ ಎಂದು ಬಂತು. ದೇವನಹಳ್ಳಿಯ ನಿಲ್ದಾಣವೇ ಸಮುದ್ರ ಮಟ್ಟದಿಂದ 915 ಮೀಟರ್ ಮೇಲಿದೆಯಲ್ಲ, ಅದಕ್ಕೆ. ಯಜಮಾನರು ಆ ಕಾಗದವನ್ನು ನೆಂಟರಿಗೆಲ್ಲ ತೋರಿಸಿ ನಗುತ್ತಿದ್ದರು.

ವಿಮಾನಗಳಿಂದ ನಮ್ಮ ಮನೆಗೆ ತೊಂದರೆ ಇಲ್ಲ ಎಂಬ ಪತ್ರವನ್ನು ನಾವು ಯಾರಿಂದಲೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಹೊಳೆಯಬೇಕಿತ್ತು. ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ಮುರುಗೇಶಪಾಳ್ಯದಲ್ಲಿ, ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಫೋನಿನಲ್ಲಿ ಮಾತಾಡುವಾಗ ವಿಮಾನ ಬಂದರೆ ಎರಡೂ ಕಡೆಯವರು ಸುಮ್ನಾಗಿ, ಅದು ಹೋದ ಮೇಲೆ ಮುಂದುವರಿಸುತ್ತಿದ್ದೆವು. ಬಾಡಿಗೆ ಕಡಿಮೆ ಇತ್ತು, ವಯಸ್ಸೂ ಇತ್ತು, ನಿದ್ದೆ ಬರುತ್ತಿತ್ತು. 2008ರ ಮೇ 23ರ ಮಧ್ಯರಾತ್ರಿ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಂದ ದೇವನಹಳ್ಳಿಗೆ ಹೋದವು. ಮಾರನೇ ದಿನ ನಮ್ಮ ಬೀದಿಯವರು ಅರ್ಧ ಖುಷಿ, ಅರ್ಧ ಬೇಜಾರಿನಲ್ಲಿದ್ದರು. ಟ್ಯಾಕ್ಸಿ ಓಡಿಸುವವರಿಗೆ ಪೂರ್ತಿ ಬೇಜಾರು.

ಆಮೇಲೆ ನಾವೇ ದುಡ್ಡು ಕೊಟ್ಟು ವಿಮಾನದ ಹಿಂದೆ ಹೋದೆವು. 2014ರ ಶ್ರಾವಣದಲ್ಲಿ ಬಳ್ಳಾರಿ ರಸ್ತೆಯ ಪಶ್ಚಿಮಕ್ಕೆ ಒಂದು ಬಡಾವಣೆಯಲ್ಲಿ ಸೈಟ್ ತೋರಿಸಿದರು. ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ, ದೂರದಲ್ಲಿ ನಂದಿಬೆಟ್ಟ. ‘ಏರ್‌ಪೋರ್ಟ್ ಹತ್ತಿರ ಮೇಡಂ’ ಅಂತ ಬ್ರೋಕರ್ ಹತ್ತು ಸಲ ಹೇಳಿದ. ಅಲ್ಲಿದ್ದ ಒಂದು ಗಂಟೆಯಲ್ಲಿ ತಲೆ ಎತ್ತಿ ನೋಡುವಂಥ ಒಂದು ಸದ್ದೂ ಬರಲಿಲ್ಲ. ಆಷಾಢದಲ್ಲಿ ಯಾರೂ ಸೈಟ್ ನೋಡುವುದಿಲ್ಲ, ಶ್ರಾವಣ ಬಂತೆಂದರೆ ಎಲ್ಲರೂ ನೋಡುತ್ತಾರೆ. ಆ ತಿಂಗಳಿಗೂ ಆ ಮೌನಕ್ಕೂ ಸಂಬಂಧ ಇದೆ ಅನ್ನುವುದು ಗೊತ್ತಾಗಲು ನನಗೆ ಆರು ವರ್ಷಕ್ಕೂ ಹೆಚ್ಚು ಬೇಕಾಯಿತು.

2017ರಲ್ಲಿ ನಾನು ಪಿಯು ಕಾಲೇಜಿನಿಂದ ನಿವೃತ್ತಳಾದೆ. ಅದೇ ವರ್ಷ ಹೊಸ ಮನೆಗೆ ಬಂದೆವು. ಎರಡು ವರ್ಷ ಚೆನ್ನಾಗಿತ್ತು. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ವಿಮಾನಗಳು ಸಾಲಾಗಿ ಇಳಿಯುವುದು ಕಾಣುತ್ತಿತ್ತು. ಸಂಜೆ ಕಾಫಿ ಹಿಡಿದು ನೋಡುವುದಕ್ಕೆ ಚಂದ. ಮಗಳ ಹಳೇ ಗೆಳತಿಯರು ಬಂದರೆ ಮೊದಲು ಟೆರೇಸಿಗೇ ಓಡುತ್ತಿದ್ದರು.

2019ರ ಡಿಸೆಂಬರ್ 6ರಂದು ಎರಡನೇ ರನ್‌ವೇ ಶುರುವಾಯಿತು. ನಾಲ್ಕು ಕಿಲೋಮೀಟರ್ ಉದ್ದದ್ದು, ಹಳೆಯದಕ್ಕೆ ಸಮಾನಾಂತರವಾಗಿ, ಅದರ ದಕ್ಷಿಣಕ್ಕೆ. ಅದರ ಗೆರೆಯನ್ನು ಪಶ್ಚಿಮಕ್ಕೆ ಎಳೆದರೆ ನಮ್ಮ ಅಡುಗೆಮನೆ ಸಿಗುತ್ತದೆ. ಮೊದಲ ಸಲ ವಿಮಾನ ಮನೆ ಮೇಲೆ ಬಂದಾಗ ಅತ್ತೆ ದೇವರ ಮನೆಯಿಂದ ಎದ್ದು ಹೊರಗೆ ಬಂದರು. ‘ಇದೇನೇ, ಮುರುಗೇಶಪಾಳ್ಯ ಇಲ್ಲಿಗೇ ಬಂತು’ ಅಂದರು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಎರಡು ರನ್‌ವೇ ಇರಬೇಕು ಎನ್ನುವುದು ಆ ನಿಲ್ದಾಣದ ನಕ್ಷೆಯಲ್ಲಿ ಶುರುವಿನಿಂದಲೂ ಇತ್ತು. ಗುಟ್ಟಿನ ವಿಷಯವೇನಲ್ಲ. ಸೈಟಿನ ಪತ್ರಗಳನ್ನು ಮೂರು ಸಲ ವಕೀಲರಿಗೆ ತೋರಿಸಿದ ನಾವು ಆ ನಕ್ಷೆಯನ್ನು ಒಂದು ಸಲವೂ ನೋಡಲಿಲ್ಲ. ಮೂವತ್ತು ವರ್ಷ ‘ಪ್ರಶ್ನೆ ಸರಿಯಾಗಿ ಓದಿ’ ಅಂತ ಮಕ್ಕಳಿಗೆ ಹೇಳಿದವಳು ನಾನೇ.

ಆ ಚಳಿಗಾಲ ಹೇಗೋ ಕಳೆಯಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಗಿ ಎರಡು ತಿಂಗಳು ವಿಮಾನವೇ ಇಲ್ಲ. ಬೆಳಗಿನ ಜಾವ ನವಿಲು ಕೂಗುವುದು ಕೇಳಿಸಿತು. ಅದು ಅಲ್ಲಿ ಮೊದಲಿನಿಂದಲೂ ಇತ್ತಂತೆ. ಪಕ್ಕದ ತೋಟದ ತಾತ ಹೇಳಿದರು.

ಈ ತಾತನ ಬಗ್ಗೆ ಹೇಳದಿದ್ದರೆ ನನ್ನ ಕಥೆ ಮುಂದೆ ಹೋಗುವುದಿಲ್ಲ. ಎರಡು ಎಕರೆ ದ್ರಾಕ್ಷಿ, ಒಂದಿಷ್ಟು ರಾಗಿ. ನನ್ನನ್ನು ಟೀಚ್ರಮ್ಮ ಅನ್ನುತ್ತಾರೆ. ವಿಮಾನಗಳು ಮತ್ತೆ ಶುರುವಾದ ಮೇಲೆ ಒಂದು ವಿಚಿತ್ರ ಗಮನಿಸಿದ್ದೆ. ಕೆಲವು ತಿಂಗಳು ಹಂಚು ಅದುರುವಷ್ಟು ಕೆಳಗೆ ಬರುತ್ತವೆ, ಕೆಲವು ತಿಂಗಳು ಎಲ್ಲೋ ಮೇಲೆ. ನನ್ನ ಫೋನಿನ ಫ್ಲೈಟ್‌ರಾಡಾರ್ ಆ್ಯಪ್‌ನಲ್ಲಿ ವಿಮಾನದ ಹೆಸರು, ಊರು, ಎತ್ತರ ಎಲ್ಲ ಕಾಣುತ್ತಿತ್ತು. ಆದರೆ ಯಾಕೆ ಹೀಗೆ ಅನ್ನುವುದು ಕಾಣುತ್ತಿರಲಿಲ್ಲ. ತಾತನಿಗೆ ಹೇಳಿದೆ.

‘ರಾಗಿ ತೂರೋ ಕಾಲ ಅಲ್ವಾ ಟೀಚ್ರಮ್ಮ’ ಅಂದರು. ‘ಮೂಡಗಾಳಿ. ನಾವು ಕಣದಲ್ಲಿ ಗಾಳಿಗೆ ಅಡ್ಡ ನಿಂತು ತೂರ್ತೀವಿ. ಅವ್ರು ಗಾಳಿಗೆ ಎದುರಾಗಿ ಇಳೀತಾರೆ. ಮಳೆಗಾಲದಲ್ಲಿ ಪಡುವಣ ಗಾಳಿ, ಆಗ ಆ ಕಡೆಯಿಂದ ಬರ್ತಾರೆ.’

ಅಷ್ಟೇ ವಿಷಯ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿಯೇ ಏರುತ್ತದೆ. ರನ್‌ವೇ ಪೂರ್ವ–ಪಶ್ಚಿಮ ಇದೆ. ಪೂರ್ವಕ್ಕೆ ಮುಖ ಮಾಡಿದ ತುದಿಗೆ 09, ಪಶ್ಚಿಮಕ್ಕೆ ಮುಖ ಮಾಡಿದ ತುದಿಗೆ 27 ಎಂಬ ಸಂಖ್ಯೆ. ದಿಕ್ಸೂಚಿಯ 90 ಡಿಗ್ರಿ, 270 ಡಿಗ್ರಿಯಿಂದ ಕೊನೆಯ ಸೊನ್ನೆ ತೆಗೆದದ್ದು. ಚಳಿಗಾಲದಲ್ಲಿ ಪಶ್ಚಿಮದಿಂದ, ಅಂದರೆ ನಮ್ಮ ಮೇಲಿಂದ ಬಂದು 09ರಲ್ಲಿ ಇಳಿಯುತ್ತವೆ. ಮಳೆಗಾಲದಲ್ಲಿ ಪೂರ್ವದ ಹಳ್ಳಿಗಳ ಮೇಲಿಂದ ಬಂದು 27ರಲ್ಲಿ ಇಳಿಯುತ್ತವೆ. ಆಗ ನಮ್ಮ ಕಡೆಗೆ ಬರುವುದು ಏರುವ ವಿಮಾನಗಳು. ಅವು ಇಲ್ಲಿಗೆ ಬರುವಷ್ಟರಲ್ಲಿ ಸಾಕಷ್ಟು ಮೇಲೆ ಹೋಗಿರುತ್ತವೆ, ಕೆಲವು ಮೊದಲೇ ತಿರುಗಿಬಿಡುತ್ತವೆ. ಇಳಿಯುವ ವಿಮಾನ ಹಾಗಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ನೆಟ್ಟಗೆ ಬರಬೇಕು. ರನ್‌ವೇ ತುದಿಯಿಂದ ನಮ್ಮ ಮನೆ ಐದೂವರೆ ಕಿಲೋಮೀಟರ್. ಲೆಕ್ಕ ಹಾಕಿದರೆ ಅದು ನಮ್ಮ ತಲೆಯ ಮೇಲೆ ಸುಮಾರು 300 ಮೀಟರ್ ಎತ್ತರದಲ್ಲಿ ಇರಬೇಕು. ಆ್ಯಪ್ ನೋಡಿದೆ, ಸರಿಯಾಗಿಯೇ ಇತ್ತು.

ಶ್ರಾವಣದಲ್ಲಿ ಸೈಟ್ ಯಾಕೆ ಅಷ್ಟು ತಣ್ಣಗಿತ್ತು ಅಂತ ಆಗ ಗೊತ್ತಾಯಿತು.

2022ರ ಹೊತ್ತಿಗೆ ವಿಮಾನಗಳ ಸಂಖ್ಯೆ ಹಳೇ ಮಟ್ಟದ ಹತ್ತಿರ ಬಂತು. ಆ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ ಆಯಿತು. ಚಂದ ಇದೆ, ಬಿದಿರು, ಗಿಡ, ನೀರು. ಸುಳ್ಳು ಹೇಳಬಾರದು, ನಾನೂ ಫೋಟೋ ತೆಗೆಸಿಕೊಂಡೆ. ಆದರೆ ಆ ಚಳಿಗಾಲ ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ನಿದ್ದೆ ಬರುವುದು ನಿಂತಿತು. ಯಜಮಾನರು ಗೊರಕೆ ಹೊಡೆಯುತ್ತಿದ್ದರು, ಅವರಿಗೆ ಯಾವ ರನ್‌ವೇಯೂ ಬಾಧಿಸದು. ಅತ್ತೆ ಮತ್ತು ನಾನು ಹಾಲ್‌ನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆವು. ‘ಇನ್ನೊಂದು’ ಅನ್ನುವರು ಅವರು. ನಾನು ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುವುದು.

ಆ ನೋಟ್‌ಬುಕ್ಕೇ ನನ್ನ ಅರ್ಜಿಗೆ ಮೂಲ.

ದೂರು ಕೊಡಬೇಕು ಅಂತ ನಿರ್ಧರಿಸಿದ್ದು ಸುಲಭ. ಯಾರಿಗೆ? ನಿಲ್ದಾಣ ನಡೆಸುವವರು ಒಬ್ಬರು. ಆಕಾಶದಲ್ಲಿ ಯಾವ ವಿಮಾನ ಎಲ್ಲಿ ಅಂತ ಹೇಳುವ ಕಂಟ್ರೋಲ್ ಟವರ್‌ನವರು ಬೇರೆ, ಅವರು ವಿಮಾನ ನಿಲ್ದಾಣ ಪ್ರಾಧಿಕಾರದವರು. ವಿಮಾನಗಳ ನಿಯಮ ಮಾಡುವ ಮಹಾನಿರ್ದೇಶನಾಲಯ ದೆಹಲಿಯಲ್ಲಿದೆ. ಶಬ್ದದ ಮಿತಿ ಹೇಳುವುದು ಪರಿಸರ ಸಚಿವಾಲಯ. ಅಳೆಯುವುದು ಮಾಲಿನ್ಯದ ಇಲಾಖೆ. ಪಂಚಾಯಿತಿಯವರು ಮನೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಮೇಲಿನ ಆಕಾಶ ಅವರದ್ದಲ್ಲ. ಒಂದು ಕಡೆ ಹೋದರೆ ಇನ್ನೊಂದು ಕಡೆ ಕೈ ತೋರಿಸುತ್ತಿದ್ದರು. ಯಾರ ಮೇಲೂ ಸಿಟ್ಟಿಲ್ಲ, ಅದಕ್ಕೇ ಇಲ್ಲಿ ಯಾವ ಕಚೇರಿಯ ಹೆಸರನ್ನೂ ಹಾಕುವುದಿಲ್ಲ. ಕೊನೆಗೆ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಮೂರು ತಿಂಗಳು ಸದ್ದಿಲ್ಲ. (ಅಲ್ಲಾದರೂ ಇರಲಿಲ್ಲ ನೋಡಿ.)

ಆಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನನ್ನ ಕರಡು 400 ಪದ ಇತ್ತು. ಕತ್ತರಿಸುತ್ತಾ ಕೂತಾಗ ಯಜಮಾನರು ಒಂದು ಉಪಾಯ ಹೇಳಿದರು: ‘ಸಂಧಿ ಮಾಡು. ಕನ್ನಡದಲ್ಲಿ ಎರಡು ಪದ ಸೇರಿಸಿದರೆ ಒಂದೇ ಅಲ್ವಾ?’ ನಿಜ ಹೇಳುತ್ತೇನೆ, ನಾಲ್ಕೈದು ಕಡೆ ಹಾಗೇ ಮಾಡಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆ. ನನ್ನ ಅರ್ಜಿ ಏನಾಯಿತು, ನಮ್ಮ ಬಡಾವಣೆಯಲ್ಲಿ ಶಬ್ದ ಅಳೆದಿದ್ದೀರಾ, ಅಳೆದಿದ್ದರೆ ಯಾವ ದಿನ, ಎಷ್ಟು ಹೊತ್ತಿಗೆ, ಇಷ್ಟೇ.

ಮೂವತ್ತು ದಿನದ ಒಳಗೆ ಉತ್ತರ ಬರಬೇಕು. ಇಪ್ಪತ್ತೆಂಟನೇ ದಿನ ಉತ್ತರದ ಬದಲು ಒಬ್ಬ ಹುಡುಗ ಬಂದ. 2023ರ ಜುಲೈ. ಮುಕ್ಕಾಲಿ, ಮೀಟರು, ಕೊಡೆ. ಟೆರೇಸಿನ ಮೇಲೆ ಎಲ್ಲ ಜೋಡಿಸಿದ. ಒಳ್ಳೆಯ ಹುಡುಗ. ನನ್ನ ಫೋನಿನ ಡೆಸಿಬೆಲ್ ಆ್ಯಪ್ ನೋಡಿ ‘ಮೇಡಂ, ಇದು ಲೆಕ್ಕಕ್ಕೆ ಬರಲ್ಲ. ಫೋನಿನ ಮೈಕ್ ಮಾತಾಡೋಕೆ ಮಾಡಿರೋದು’ ಅಂತ ತಾಳ್ಮೆಯಿಂದ ವಿವರಿಸಿದ. ಕಾಫಿ ಕುಡಿದ. ಪಡುವಣ ಗಾಳಿ ಜೋರಾಗಿ ಬೀಸುತ್ತಿತ್ತು. ವಿಮಾನಗಳೆಲ್ಲ ಆಚೆ ಕಡೆಯಿಂದ ಇಳಿಯುತ್ತಿದ್ದವು. ಒಂದು ಗಂಟೆಯಲ್ಲಿ ನಮ್ಮ ಕಡೆ ಏರಿ ಬಂದವು ಕೆಲವೇ. ಗಾಳಿಯ ಸದ್ದೇ ಜಾಸ್ತಿ ಇತ್ತು.

‘ಜನವರಿಯಲ್ಲಿ ಬಂದು ಅಳೆಯಿರಪ್ಪ’ ಅಂದೆ.

‘ನಮಗೆ ಹೇಳಿದಾಗ ಬರ್ತೀವಿ ಮೇಡಂ.’

ಸೆಪ್ಟೆಂಬರ್‌ನಲ್ಲಿ ಹಿಂಬರಹ ಬಂತು. ಶಬ್ದ ಮಿತಿಯೊಳಗಿದೆ, ಅರ್ಜಿ ಮುಕ್ತಾಯಗೊಳಿಸಲಾಗಿದೆ. ಒಂದೂವರೆ ಪುಟ. ಅಳೆದ ತಾರೀಖಿತ್ತು, ಗಾಳಿ ಯಾವ ಕಡೆಯಿಂದ ಎಂಬುದು ಇರಲಿಲ್ಲ.

ಮಿತಿ ಎಂದರೆ ಎಷ್ಟು? ಇದನ್ನು ಓದಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನ ವಾಸ ಮಾಡುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಇದು ಗಣೇಶನ ಪೆಂಡಾಲ್‌ನವರಿಗೆಲ್ಲ ಗೊತ್ತಿರುವ ಸಂಖ್ಯೆ. ಆದರೆ 2018ರ ಜೂನ್‌ನಲ್ಲಿ ವಿಮಾನ ನಿಲ್ದಾಣಗಳಿಗೇ ಬೇರೆ ಮಿತಿ ಬಂತು. ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ವಿಮಾನ ಏರಿಳಿಯುವ ನಿಲ್ದಾಣದ ಶಬ್ದ ವಲಯದಲ್ಲಿ ಹಗಲು 70, ರಾತ್ರಿ 65. ಅಂದರೆ ಅದೇ ಮನೆ, ಅದೇ ಕಿವಿ, ವಲಯದ ಗೆರೆಯೊಳಗೆ ಬಂದರೆ ರಾತ್ರಿ ಇಪ್ಪತ್ತು ಡೆಸಿಬೆಲ್ ಜಾಸ್ತಿ ಸಹಿಸಬೇಕು. ಇಪ್ಪತ್ತು ಅಂದರೆ ಸಣ್ಣದಲ್ಲ. ಹತ್ತು ಜಾಸ್ತಿಯಾದರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತಾದರೆ ನೂರು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ವಿಮಾನದ ಸದ್ದು ರಾತ್ರಿ 40 ಮೀರಬಾರದು ಎಂದಿದೆ.

ನಾನು ಮತ್ತೆ ಬರೆದೆ. ಮೇಲ್ಮನವಿ, ಅದಕ್ಕೆ ಲಗತ್ತು, ಲಗತ್ತಿಗೆ ನನ್ನ ನೋಟ್‌ಬುಕ್ಕಿನ ಜೆರಾಕ್ಸ್. ಎರಡು ಸಲ ಮುದ್ದಾಂ ಹೋಗಿ ವಿಷಯ ನಿರ್ವಾಹಕರ ಮುಂದೆ ಕೂತೆ. ಅವರ ಮಗ ನನ್ನ ಕಾಲೇಜಿನಲ್ಲೇ ಓದಿದ್ದ ಅಂತ ಎರಡನೇ ಸಲ ಗೊತ್ತಾಯಿತು. ಕಡತ ಆಮೇಲೆ ಸ್ವಲ್ಪ ಚುರುಕಾಗಿ ಓಡಿತು, ಇಲ್ಲ ಅನ್ನಲಾರೆ.

2024ರ ಜನವರಿಯಲ್ಲಿ ಅದೇ ಹುಡುಗ ಬಂದ. ಮಧ್ಯಾಹ್ನ ಮೂರು ಗಂಟೆ. ಮೂಡಗಾಳಿ. ನಾಲ್ಕು ನಿಮಿಷಕ್ಕೊಂದರಂತೆ ಇಳಿಯುತ್ತಿದ್ದವು. ಮೊದಲನೆಯದು ಬಂದಾಗ ಅವನೇ ತಲೆ ಎತ್ತಿ ‘ಅಬ್ಬಾ’ ಅಂದ. ಮೀಟರು 78 ತೋರಿಸಿತು. ನನಗೆ ಒಳಗೊಳಗೇ ಖುಷಿ. ಒಂದು ಗಂಟೆ ಆದ ಮೇಲೆ ಅವನು ಗುಂಡಿ ಒತ್ತಿ ಕೊನೆಯ ಸಂಖ್ಯೆ ತೋರಿಸಿದ. 66 ಚಿಲ್ಲರೆ. ಮಿತಿ 70.

‘ಅದ್ಹೇಗಪ್ಪ? 78 ನೀನೇ ನೋಡಿದೆಯಲ್ಲ?’

‘ಸರಾಸರಿ ಮೇಡಂ.’

ಆ ರಾತ್ರಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಲಾಗ್ ಟೇಬಲ್ ಪುಸ್ತಕ ತೆಗೆದೆ. ‘ಮಿಸ್, ಇದು ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತೆ?’ ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ಪ್ರತಿ ವರ್ಷ ನಾನು ಬೈದು ಕೂರಿಸುತ್ತಿದ್ದೆ. ಇಲ್ಲಿ ಉಪಯೋಗಕ್ಕೆ ಬಂತು ನೋಡು ಮಗನೇ. ವಿಮಾನದ ಜೋರು ಸದ್ದು ಇಪ್ಪತ್ತು ಸೆಕೆಂಡ್. ನಾಲ್ಕು ನಿಮಿಷ ಎಂದರೆ 240 ಸೆಕೆಂಡ್. ಹನ್ನೆರಡರಲ್ಲಿ ಒಂದು ಪಾಲು ಹೊತ್ತು ಮಾತ್ರ ಸದ್ದು, ಹಾಗಾಗಿ ಸರಾಸರಿ ಶಕ್ತಿಯೂ ಹನ್ನೆರಡರಲ್ಲಿ ಒಂದು ಪಾಲು. ಹನ್ನೆರಡರ ಲಾಗ್ 1.0792. ಹತ್ತರಿಂದ ಗುಣಿಸಿ 78ರಲ್ಲಿ ಕಳೆದರೆ 67. ಮೀಟರು ಸುಳ್ಳು ಹೇಳಿರಲಿಲ್ಲ. ನಡುವಿನ ಮೂರು ನಿಮಿಷ ನಲವತ್ತು ಸೆಕೆಂಡಿನ ಮೌನ ಸದ್ದನ್ನು ನುಂಗಿಹಾಕಿತ್ತು. ಎರಡು ನಿಮಿಷಕ್ಕೊಂದು ಬಂದರೆ ಮಾತ್ರ 70 ದಾಟುತ್ತದೆ, ಅದೂ ಕೂದಲೆಳೆಯಷ್ಟು. ರಾತ್ರಿಗೂ ಹಾಕಿ ನೋಡಿದೆ. ಎಂಟು ನಿಮಿಷಕ್ಕೊಂದು ಬಂದರೆ 64. ರಾತ್ರಿಯ ಮಿತಿ 65. ಅಂದರೆ ಎಂಟು ನಿಮಿಷಕ್ಕೊಮ್ಮೆ ಎಚ್ಚರವಾಗುತ್ತಾ ಬೆಳಗಿನವರೆಗೆ ಕಳೆದರೂ ಕಾಗದದ ಪ್ರಕಾರ ನಾನು ಚೆನ್ನಾಗಿ ಮಲಗಿದ್ದೇನೆ.

ತಾತನಿಗೆ ಇದನ್ನು ಲಾಗ್ ಇಲ್ಲದೆ ವಿವರಿಸಿದೆ. ಅವರಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ‘ನಮ್ಗೂ ಹಿಂಗೇ ಬರ್ಕೊಂಡು ಹೋಗ್ತಾರೆ. ತಾಲ್ಲೂಕಲ್ಲಿ ಒಟ್ಟು ಮಳೆ ಸರಿಯಾಗೇ ಬಿದ್ದದೆ ಅಂತ. ಬಿತ್ತನೆಗೆ ಬೀಳ್ಲಿಲ್ಲ, ತೆನೆ ಕಟ್ಟೋವಾಗ ಬೀಳ್ಲಿಲ್ಲ, ಕುಯ್ಯೋವಾಗ ಬಂದು ಬಿತ್ತು. ಒಟ್ಟು ಸರಿಯಾಗೇ ಇತ್ತು.’

ನಮ್ಮ ಹೋರಾಟದಲ್ಲಿ ಅವರು ಸೇರಲಿಲ್ಲ. ಸಹಿ ಹಾಕಿ ಅಂದರೆ ನಕ್ಕರು. ಅವರ ಬೀಗರ ಕಡೆಯವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು. ಅಲ್ಲಿ 1,777 ಎಕರೆ ಏರೋಸ್ಪೇಸ್ ಪಾರ್ಕ್‌ಗೆ ಹೋಗುವುದಿತ್ತು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಟ್ಟರು. ‘ಭೂಮಿ ಉಳೀತು ಅಂದ್ರೆ ಸದ್ದಿಗೇನು, ಕಿವಿಗೆ ಹತ್ತಿ ಇಟ್ಕೋಬೌದು’ ಅಂದರು ತಾತ. ಅವರ ಕಷ್ಟದ ಮುಂದೆ ನನ್ನ ನಿದ್ದೆಯ ಅರ್ಜಿ ಎಷ್ಟರದು ಅನ್ನಿಸಿತು. ಹಾಗಂತ ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ.

ರಾತ್ರಿ ಯಾಕೆ ಇಷ್ಟು ವಿಮಾನ ಎಂದು ಕೇಳಬಹುದು. ನಾನೂ ಮಗಳನ್ನು ಕೇಳಿದೆ. ಅವಳಿರುವುದು ಜರ್ಮನಿಯ ಫ್ರಾಂಕ್‌ಫರ್ಟ್ ಪಕ್ಕ. ‘ಅಮ್ಮ, ಇಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರ ತನಕ ವಿಮಾನ ಏರೋ ಹಾಗಿಲ್ಲ, ಇಳಿಯೋ ಹಾಗಿಲ್ಲ’ ಅಂದಳು. 2011ರಿಂದ ಹಾಗಂತೆ. ಹತ್ತಿರದ ಮನೆಗಳಿಗೆ ಕಿಟಕಿ ಬದಲಿಸಲು ದುಡ್ಡೂ ಸಿಗುತ್ತದಂತೆ. ಅಲ್ಲಿ ಬೆಳಗಾದ ಮೇಲೆ ಇಳಿಯಬೇಕು, ಮುಂದಿನ ವಿಮಾನ ಹಿಡಿಯಲು ಅನುಕೂಲವಾಗಬೇಕು ಅಂದರೆ ಇಲ್ಲಿಂದ ನಡುರಾತ್ರಿ ಹೊರಡಬೇಕು. ಅವಳ ಊರಿನವರ ನಿದ್ದೆಗೆ ನಮ್ಮ ಊರಿನವರ ನಿದ್ದೆ ಬಾಡಿಗೆ. ಮಗಳನ್ನು ನೋಡಲು ನಾವು ಹೋಗುವುದೂ ಅದೇ ಹೊತ್ತಿನ ವಿಮಾನದಲ್ಲಿ. ಟಿಕೆಟ್ ಬುಕ್ ಮಾಡುವಾಗ ಯಜಮಾನರು ‘ಈ ಸದ್ದು ನಮ್ಮದೇ ಕಣೇ’ ಅಂದರು. ಉತ್ತರ ಹೊಳೆಯಲಿಲ್ಲ.

ಎರಡನೇ ಹಿಂಬರಹವೂ ಬಂತು. ಮಿತಿಯೊಳಗಿದೆ. ರಾತ್ರಿ ಅಳೆಯಿರಿ ಅಂತ ಕೇಳಿದ್ದಕ್ಕೆ ರಾತ್ರಿ ಪಾಳಿಗೆ ಸಿಬ್ಬಂದಿ ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರು. ಅದನ್ನೇ ಬರೆದುಕೊಡಿ ಅಂತ ಇನ್ನೊಂದು ಅರ್ಜಿ ಹಾಕಿದ್ದೇನೆ. ಈ ಸಲ 90 ಪದ, ಸಂಧಿ ಇಲ್ಲದೆ. ಅದಿನ್ನೂ ಮೇಜಿನ ಮೇಲಿದೆ.

ಮನೆಯಲ್ಲಿ ಮಾಡಿಕೊಂಡದ್ದು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಮಲಗುವ ಎರಡು ಕೋಣೆಗೆ ಜೋಡಿ ಗಾಜಿನ ಕಿಟಕಿ ಹಾಕಿಸಿದೆವು. ಒಂದು ಲಕ್ಷದ ಹತ್ತಿರ ಆಯಿತು. ಮೊದಲ ರಾತ್ರಿ ಏನೂ ವ್ಯತ್ಯಾಸ ಇಲ್ಲ. ಬಡಗಿ ಬಂದು ನೋಡಿ ನಕ್ಕ. ಕಿಟಕಿ ಮೇಲಿನ ವೆಂಟಿಲೇಟರ್ ತೆರೆದೇ ಇತ್ತು. ಸದ್ದಿಗೆ ಸಣ್ಣ ಸಂದು ಸಾಕು. ಅದನ್ನು ಮುಚ್ಚಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆದ ಮೇಲೆ ಗೊತ್ತಾಗುವಷ್ಟು ಕಡಿಮೆಯಾಯಿತು. ಆದರೆ ಗಾಳಿಯೂ ನಿಂತಿತು. ‘ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕಿದ ಹಾಗಿದೆ’ ಎಂದು ಅತ್ತೆ ಮೂರನೇ ದಿನವೇ ಹಾಲ್‌ಗೆ ವಾಪಸ್ ಬಂದರು. ಅಲ್ಲೇ ಮಲಗುತ್ತಾರೆ. ಚಳಿಗಾಲದ ರಾತ್ರಿ ನಾನು ನೀರಿಗೆ ಎದ್ದರೆ ಕತ್ತಲಲ್ಲಿ ‘ಇನ್ನೊಂದು’ ಅಂತ ಕೇಳಿಸುತ್ತದೆ.

ಪ್ರಯಾಣಿಕರ ಸಂಖ್ಯೆ 2024-25ರಲ್ಲಿ ನಾಲ್ಕು ಕೋಟಿ ದಾಟಿದೆ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕು ಅಂತ ಕನಕಪುರ ರಸ್ತೆ ಕಡೆ, ನೆಲಮಂಗಲ–ಕುಣಿಗಲ್ ಕಡೆ 2025ರಲ್ಲಿ ಜಾಗ ನೋಡಿಕೊಂಡು ಹೋದರು. ಅದಾದ ವಾರಕ್ಕೆ ಹಾರೋಹಳ್ಳಿ ಹತ್ತಿರ ಇರುವ ಚಿಕ್ಕಮ್ಮನ ಮಗ ಫೋನ್ ಮಾಡಿದ.

‘ಅಕ್ಕಾ, ಇಲ್ಲೊಂದು ಸೈಟ್ ಇದೆ. ನೀವು ಏರ್‌ಪೋರ್ಟ್ ಪಕ್ಕ ಇರೋರು, ನಿಮಗೆ ಗೊತ್ತಿರುತ್ತೆ. ತಗೋಬಹುದಾ?’

ನಾನು ಎಲ್ಲ ಹೇಳಿದೆ. ರನ್‌ವೇ ಯಾವ ದಿಕ್ಕಿಗೆ ಬರುತ್ತೆ ಅಂತ ನಕ್ಷೆ ಬಂದ ಮೇಲೆ ನೋಡು. ಎರಡು ರನ್‌ವೇ ಗುರುತು ಮಾಡಿದ್ದರೆ ಎರಡನ್ನೂ ನೋಡು. ಎರಡೂ ಕಡೆ ಗೆರೆ ಎಳೆದು ನಿನ್ನ ಸೈಟ್ ಎಲ್ಲಿ ಬೀಳುತ್ತೆ ನೋಡು. ಶ್ರಾವಣದಲ್ಲಿ ಮಾತ್ರ ಹೋಗಿ ನೋಡಬೇಡ. ಅಲ್ಲಿ ರಾಗಿ ತೂರುವವರು ಯಾರಾದರೂ ಇದ್ದರೆ ಅವರನ್ನು ಕೇಳು, ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಅಂತ.

ಅವನು ಪೂರ್ತಿ ಕೇಳಿಸಿಕೊಂಡ. ಮಧ್ಯೆ ಒಂದು ವಿಮಾನ ಬಂತು, ಇಬ್ಬರೂ ಸುಮ್ನಾದೆವು. ಅದು ಹೋದ ಮೇಲೆ ಕೇಳಿದ:

‘ಅದೆಲ್ಲ ಸರಿ ಅಕ್ಕಾ. ನೀವು 2014ರಲ್ಲಿ ತಗೊಂಡಾಗ ಚದರ ಅಡಿಗೆ ಎಷ್ಟಿತ್ತು, ಈಗೆಷ್ಟಿದೆ?’